ಅಡ್ಡ ಕಂಬಿ, ನಿಂತ ಕಂಬಿ

ಸಾಗರದಿಂದ ಹೊರಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಖಾಸಗಿ ಬಸ್ಸೊಂದರಲ್ಲಿ ಮೇಳಿಗೆಯ ಪದ್ಮಣ್ಣನವರು ಮೂವತ್ತು ವರ್ಷಕ್ಕೂ ಮಿಕ್ಕಿ ಕಂಡಕ್ಟರಾಗಿದ್ದರು. ಅಷ್ಟು ವರ್ಷ ಟಿಕೆಟ್ ಹರಿದರೂ ಹೆಗಲಿಗೆ ಚರ್ಮದ ಚೀಲ ಹಾಕಿದವರಲ್ಲ. ಜೈನರ ಮನೆಯವರು, ಒಂದು ಜೀವದ ತೊಗಲನ್ನು ದಿನವಿಡೀ ಮೈಗೆ ಒತ್ತಿಕೊಂಡು ನಿಲ್ಲುವುದು ಹೇಗೆ ಎಂದು, ಕೆಲಸಕ್ಕೆ ಸೇರಿದ ವಾರವೇ ದಪ್ಪ ಕ್ಯಾನ್ವಾಸಿನ ಚೀಲ ಹೊಲಿಸಿಕೊಂಡಿದ್ದರು. ಅದು ಹರಿದಾಗ ಇನ್ನೊಂದು, ಅದೂ ಹರಿದಾಗ ಮತ್ತೊಂದು. ಎಲ್ಲವನ್ನೂ ಹೊಲಿದವರು ಹೆಂಡತಿ ವಿಜಯಲಕ್ಷ್ಮಿ. ಕೊನೆಯ ಚೀಲ ಈಗಲೂ ಅವರ ಮನೆಯ ಜಗಲಿಯ ಗೂಟಕ್ಕೆ ತೂಗುತ್ತಿತ್ತು, ಒಳಗೆ ಟಿಕೆಟ್ಟಿನ ಬದಲು ಸುತ್ತಿಗೆ, ಮೊಳೆ, ಸೊಳ್ಳೆಬತ್ತಿ ತುಂಬಿಕೊಂಡು.

ಚೀಲಕ್ಕಿಂತಲೂ ಹೆಸರಾದದ್ದು ಅವರ ಸಂಜೆಯ ಊಟ. ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ ಎಂಬುದು ಮದುವೆಗೂ ಮೊದಲೇ ಬಸದಿಯಲ್ಲಿ ಹಿಡಿದ ನಿಯಮ. ಸಂಜೆಯ ಟ್ರಿಪ್ಪಿನಲ್ಲಿ ಹೊಸನಗರ ದಾಟಿದ ಮೇಲೆ ರಸ್ತೆಗೆ ಒಂದು ಮೋರಿ ಸಿಗುತ್ತದೆ. ಡ್ರೈವರು ಅಲ್ಲಿ ಬಸ್ಸು ನಿಲ್ಲಿಸುತ್ತಿದ್ದ, ಪದ್ಮಣ್ಣ ಮೋರಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಹೊಸಬರು ಯಾರಾದರೂ ಗೊಣಗಿದರೆ ಹಳೆಯ ಪ್ರಯಾಣಿಕರೇ ಬಾಯಿ ಹಾಕುತ್ತಿದ್ದರಂತೆ: "ಸೂರ್ಯ ಕಾಯಲ್ಲ ಮಾರಾಯ್ರೆ, ನೀವು ಕಾಯ್ರಿ." ಆದರೆ ಬಸ್ಸಿನಲ್ಲಿ ಜ್ವರದ ಮಗುವೋ ಬಸುರಿಯೋ ಇದ್ದ ದಿನ ಪದ್ಮಣ್ಣನವರೇ ಮೋರಿ ಹತ್ತಿರವಾಗುತ್ತಲೇ "ರೈಟ್, ರೈಟ್" ಎಂದುಬಿಡುತ್ತಿದ್ದರು. ಅಂದು ಬುತ್ತಿ ಹಾಗೆಯೇ ಮನೆಗೆ ಬರುತ್ತಿತ್ತು.

ಈ ಕತೆಗಳನ್ನೆಲ್ಲ ಸೊಸೆ ಜಿನಶ್ರೀ ಮದುವೆಯಾದ ಹೊಸತರಲ್ಲಿ ಕೇಳಿದ್ದಳು, ಕೇಳಿ ನಕ್ಕಿದ್ದಳು. ಅವಳು ಬೆಂಗಳೂರಲ್ಲಿ ಓದಿ ಬೆಳೆದವಳು. ಅವಳ ತವರಿನಲ್ಲಿ ಸೂರ್ಯ ಮುಳುಗುವ ಮುಂಚಿನ ಊಟ ಎಂದರೆ ಪರ್ವದ ದಿನಗಳ ಮಾತು, ಉಳಿದಂತೆ ರಾತ್ರಿ ಒಂಬತ್ತಕ್ಕೆ ಕುಕ್ಕರು ಕೂಗುತ್ತಿತ್ತು. ಅವಳಿಗೆ ನೋವಾಗದಂತೆ ಪದ್ಮಣ್ಣ ಮೊದಲ ದಿನವೇ ಹೇಳಿದ್ದರು, ನಿಯಮ ಹಿಡಿದವನು ನಾನು, ನೀನಲ್ಲ ಎಂದು. ಮೊಮ್ಮಗಳು ಬ್ರಾಹ್ಮಿ ಹುಟ್ಟಿದ ಮೇಲಂತೂ ಅಡುಗೆಮನೆಯ ಗೂಡಿನಲ್ಲಿ ದಿನಾ ಸಂಜೆ ನಾಲ್ಕು ಬಾಳೆಹಣ್ಣು ಇಡುವುದು ಅವರ ಕೆಲಸವಾಯಿತು. ಹಾಲೂಡಿಸುವವಳಿಗೆ ರಾತ್ರಿ ಹಸಿವಾಗುತ್ತದೆ, ಕೇಳಲು ನಾಚಿಕೊಳ್ಳುತ್ತಾಳೆ ಎಂದು.

ಜಿನಶ್ರೀಗೆ ಹೆದರಿಕೆ ಹುಟ್ಟುಗುಣ; ತಾಯಿಯಾದ ಮೇಲೆ ಅದಕ್ಕೆ ರೆಕ್ಕೆ ಬಂತು. ಮಗು ಸೀನಿದರೆ ಫೋನು ತೆರೆದು ಸೀನಿನ ಕಾರಣಗಳನ್ನು ಓದುವಳು. ಸೀನದಿದ್ದರೆ ಯಾಕೆ ಸೀನಲಿಲ್ಲ ಎಂದು ಓದುವಳು. ತೊಟ್ಟಿಲ ಮೇಲೆ ಹಲ್ಲಿ ಬಂದೀತೆಂದು ಮಾಡಿನ ಜಂತಿಗೆ ಬಟ್ಟೆ ಕಟ್ಟಿಸಿದ್ದಳು. ಗಂಡ ಆದೀಶನಿಗೆ ಸಾಗರದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಅವಳು ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಆದೀಶ ಸ್ಕೂಟರ್ ಕೊಡಿಸುತ್ತೇನೆಂದರೂ ಬೇಡವೆಂದಿದ್ದಳು. ಎಂಜಿನ್ ಇರುವ ಯಾವುದನ್ನೂ ತಾನು ಓಡಿಸಲಾರೆ, ಸೈಕಲ್ಲಾದರೆ ಕಾಲು ನಿಲ್ಲಿಸಿದರೆ ನಿಲ್ಲುತ್ತದೆ ಎಂಬ ವಾದ. ಬೆಂಗಳೂರಿನಿಂದ ತಂದ ಗೇರಿನ ಸೈಕಲ್ಲು, ಸಲಾಕೆಯಂತೆ ನೇರವಾದ ಹ್ಯಾಂಡಲಿನದು, ಅವಳನ್ನು ಹೆರಿಗೆಗೆ ಮೊದಲು ಚೆನ್ನಾಗಿಯೇ ಹೊತ್ತಿತ್ತು.

ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೊರಟಾಗ ಸೈಕಲ್ಲು ಅದೇ, ರಸ್ತೆಯೂ ಅದೇ; ಕೈ ಮಾತ್ರ ಬೇರೆಯಾಗಿತ್ತು. ಮಗುವನ್ನು ಎತ್ತಿ ಎತ್ತಿ ಎರಡೂ ಹೆಬ್ಬೆರಳ ಬುಡ ಊದಿಕೊಂಡಿತ್ತು. ಎಳೆಮಕ್ಕಳ ತಾಯಂದಿರಲ್ಲಿ ಇದು ಸಾಮಾನ್ಯ ಎಂದು ಡಾಕ್ಟರು ಮಣಿಕಟ್ಟಿಗೆ ಸುತ್ತುವ ಪಟ್ಟಿ ಕೊಟ್ಟರು, ಕೈಗೆ ಬಿಡುವು ಕೊಡಿ ಎಂದರು. ಕೈಕೂಸಿನ ತಾಯಿ ಬಿಡುವನ್ನು ಎಲ್ಲಿಂದ ತರಬೇಕು? ಹೋಗುವಾಗ ಹೇಗೋ ಆಗುತ್ತಿತ್ತು. ಬರುವಾಗ ಏರಿನಲ್ಲಿ ಹ್ಯಾಂಡಲನ್ನು ಎಳೆದು ತುಳಿಯುವಷ್ಟರಲ್ಲಿ ಮಣಿಕಟ್ಟಿಗೆ ಸೂಜಿ ಚುಚ್ಚಿದಂತಾಗಿ, ಇಳಿದು ತಳ್ಳಿಕೊಂಡು ಬರುತ್ತಿದ್ದಳು. ಪುಷ್ಯಮಾಸದ ಸಂಜೆ, ಆರಕ್ಕೆಲ್ಲ ಸೂರ್ಯ ಗುಡ್ಡದ ಹಿಂದೆ. ಅವಳು ಅಂಗಳಕ್ಕೆ ಬರುವಾಗ ದೀಪ ಹಚ್ಚಿ ಆಗಿರುತ್ತಿತ್ತು. ಬಸ್ಸು ಹತ್ತಿದರೆ ಅದಕ್ಕಿಂತಲೂ ತಡ.

ಪದ್ಮಣ್ಣ ಗೇಟಿನ ಹತ್ತಿರವೇ ನಿಂತಿರುತ್ತಿದ್ದರು. ಊಟವಾಯಿತೇ ಎಂದು ಅವಳು ಕೇಳಿದರೆ, ನಿಂದು ಆಗ್ಲಿ ಮೊದಲು, ಮಗು ಕಾಯ್ತಿದೆ ಎನ್ನುತ್ತಿದ್ದರು. ಅದು ಉತ್ತರವಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಹೊಳೆಸಿದವಳು ಗುತ್ಯಮ್ಮ. ಕೊಟ್ಟಿಗೆ ಕೆಲಸಕ್ಕೆ ಬರುವ ಅವಳು ಒಂದು ಬೆಳಿಗ್ಗೆ ತೊಳೆದ ಪಾತ್ರೆಯನ್ನು ಜಗಲಿಯ ಮೇಲಿಟ್ಟು ನಗುತ್ತ ಹೇಳಿದಳು.

"ಸಣ್ಣಮ್ಮ, ನೀವು ತಡ ಮಾಡಿ ಬಂದ ದಿನ ನಮ್ಮನೇಲಿ ಒಲೆ ಹೊತ್ಸೋ ಹಂಗೇ ಇಲ್ಲ ನೋಡಿ."

ಅದೇನು ಎಂದು ಜಿನಶ್ರೀ ಕೇಳಿದಳು.

"ಪದ್ಮಣ್ಣೋರ ಪಾಲಿನ ಅನ್ನ ಸಾರು ಎಲ್ಲ ನಂಗೇ ಕೊಡ್ತಾರಲ್ಲ ಅಮ್ಮೋರು. ನೀವು ಬರೋದ್ರೊಳಗೆ ಹೊತ್ತು ಮುಳುಗಿದ್ರೆ ಅವ್ರು ಉಣ್ಣಲ್ವಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಜಿನಶ್ರೀ ಒಳಗೆ ಹೋಗಿ ಅತ್ತೆಯನ್ನು ಕೇಳಿದಾಗ ವಿಜಯಲಕ್ಷ್ಮಿ ಒಲೆಯ ಕಡೆಗೇ ಮುಖ ಮಾಡಿಕೊಂಡು, ನಿನಗೆ ಹೇಳಬಾರದೆಂದು ನಿನ್ನ ಮಾವ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ, ಗುತ್ಯಮ್ಮನ ಬಾಯಿಗೆ ಬೀಗ ಹಾಕುವುದನ್ನು ಮರೆತಿದ್ದಾರೆ ಎಂದರು. ಕೆಲಸಕ್ಕೆ ಮರಳಿ ತಿಂಗಳಾಗಿತ್ತು. ಅದರಲ್ಲಿ ತಾನು ಬೆಳಕಿರುವಾಗ ಮನೆ ಮುಟ್ಟಿದ ದಿನ ಯಾವುದೆಂದು ನೆನೆಯಲು ಹೋದ ಜಿನಶ್ರೀಗೆ ರಜಾದಿನಗಳಲ್ಲದೆ ಬೇರೆ ನೆನಪಾಗಲಿಲ್ಲ. ಅರುವತ್ತು ದಾಟಿದ ಮನುಷ್ಯ, ಮಧ್ಯಾಹ್ನ ಉಂಡದ್ದರ ಮೇಲೆ ಮರುದಿನದ ಸೂರ್ಯನವರೆಗೆ. ಅವಳ ಮನಸ್ಸು ಎಂದಿನಂತೆ ಮುಂದೆ ಮುಂದೆ ಓಡಿ ಸಕ್ಕರೆ ಇಳಿಯುವುದು, ತಲೆ ತಿರುಗುವುದು, ಬಚ್ಚಲಲ್ಲಿ ಬೀಳುವುದು ಎಲ್ಲವನ್ನೂ ನೋಡಿ ಬಂತು.

ಅಂದೇ ಮಾವನ ಎದುರು ನಿಂತು ಕೆಲಸ ಬಿಡುತ್ತೇನೆ ಎಂದಳು. ಪದ್ಮಣ್ಣ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ತಲೆಯೆತ್ತಲಿಲ್ಲ.

"ಬಿಟ್ರೆ ನಾನು ಮಧ್ಯಾಹ್ನದ್ದೂ ಬಿಡ್ತೀನಿ."

"ಹಾಗಾದ್ರೆ ನೀವು ಉಂಡ್ಕೊಂಡು ಕಾಯಿರಿ ಮಾವ. ನನಗೋಸ್ಕರ ಯಾಕೆ ಉಪವಾಸ?"

"ನಿಂಗೋಸ್ಕರ ಅಂತ ಅಲ್ಲ ಮಾರಾಯ್ತಿ. ಮನೆಯೋರೊಬ್ರು ರಸ್ತೇಲಿದ್ದಾರೆ ಅಂದ್ರೆ ನಂಗೆ ಇಳಿಯಲ್ಲ. ಕೊನೇ ಪ್ಯಾಸೆಂಜರ್ ಇಳಿದ ಮೇಲೇ ಕಂಡಕ್ಟರ್ ಇಳಿಯೋದು. ಅಭ್ಯಾಸ ಆಗೋಗಿದೆ. ಅದಿರ್ಲಿ, ಕೈ ತೋರ್ಸು ಇಲ್ಲಿ."

ಅವಳು ಕೈ ಚಾಚಿದಳು. ಅವರು ಅದನ್ನು ಮುಟ್ಟಲಿಲ್ಲ. ಮೂಲೆಯಲ್ಲಿದ್ದ, ಕಾಯಿ ಕೀಳುವ ದೋಟಿಯ ತುಂಡೊಂದನ್ನು ಎದುರಿಗೆ ಅಡ್ಡವಾಗಿ ಹಿಡಿದು, ಇದನ್ನ ಹಿಡ್ಕೊಂಡು ಎಳಿ ಎಂದರು. ಎಳೆದಳು, ಮುಖ ಕಿವುಚಿದಳು. ಅದೇ ತುಂಡನ್ನು ನೆಟ್ಟಗೆ ನಿಲ್ಲಿಸಿ ಈಗ ಎಳಿ ಎಂದರು. ಎಳೆದಳು. ನೋವಿತ್ತು, ಆದರೆ ಸೂಜಿಯಷ್ಟಲ್ಲ.

ಪದ್ಮಣ್ಣನವರ ಮುಖ ಅರಳಿತು. ಬಸ್ಸಿನಲ್ಲಿ ಮೂರು ದಶಕ ಜನರ ಮುಖಕ್ಕಿಂತ ಕೈಯನ್ನೇ ಹೆಚ್ಚು ನೋಡಿದವರು ಅವರು. ಎಳೆಮಕ್ಕಳ ತಾಯಂದಿರು ಬಸ್ಸು ಹತ್ತಿದರೆ ತಲೆ ಮೇಲಿನ ಅಡ್ಡ ಕಂಬಿಗೆ ಕೈ ಹಾಕುವುದಿಲ್ಲ, ಸೀಟಿನ ಪಕ್ಕದ ನಿಂತ ಕಂಬಿಯನ್ನೇ ಹುಡುಕಿ ಹಿಡಿಯುತ್ತಾರೆ. ಯಾಕೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ಆ ಕಂಬಿಯ ಹತ್ತಿರ ನಿಂತ ಗಂಡಸರನ್ನು ಹಿಂದಕ್ಕೆ ಕಳಿಸುವುದಷ್ಟೇ ಅವರ ಕೆಲಸವಾಗಿತ್ತು. ಈಗ ಸೊಸೆಯ ಸೈಕಲ್ಲಿನ ಕಡೆ ನೋಡಿ, ನಿನ್ನ ಸೈಕಲ್ಲಿಗಿರೋದು ಅಡ್ಡ ಕಂಬಿ, ಅದಕ್ಕೊಂದು ನಿಂತ ಕಂಬಿ ಹಾಕ್ಸಿದ್ರೆ ಆಯ್ತು ಎಂದರು, ಬಾಗಿಲಿಗೆ ಚಿಲಕ ಹಾಕಿಸುವ ಮಾತಿನಷ್ಟು ಸಲೀಸಾಗಿ.

ಮರುದಿನ ಶನಿವಾರ, ಕಾಲೇಜಿಗೆ ರಜೆ; ಆದೀಶ ಆ ವಾರ ಬರುವಂತಿರಲಿಲ್ಲ. ಮಾವ, ಸೊಸೆ ಇಬ್ಬರೂ ತೀರ್ಥಹಳ್ಳಿಯ ಬೆಳ್ಳಪ್ಪನ ಸೈಕಲ್ ಅಂಗಡಿಯಲ್ಲಿದ್ದರು. ಪದ್ಮಣ್ಣ ಗಾಳಿಯಲ್ಲಿ ಕೈಯಿಂದ ಬರೆದು ತೋರಿಸಿದ ಆಕಾರವನ್ನು ನೋಡಿ ಬೆಳ್ಳಪ್ಪ ಅಟ್ಟದ ಕಡೆ ಕಣ್ಣು ಹಾಯಿಸಿದ. ಅಲ್ಲಿ ಹಳೆಯ ರೇಸ್ ಸೈಕಲ್ಲೊಂದು ಧೂಳು ಹೊದ್ದು ಮಲಗಿತ್ತು. ಅದರ ಹ್ಯಾಂಡಲು ಎರಡೂ ಕಡೆ ಮುಂದಕ್ಕೆ ಚಾಚಿ, ಕೆಳಕ್ಕೆ ಬಾಗಿ, ಮತ್ತೆ ಹಿಂದಕ್ಕೆ ತಿರುಗಿತ್ತು.

"ಈ ಟಗರಿನ ಕೊಂಬು ಯಾರಿಗೆ, ನಿಮಗಾ?" ಎಂದ ಬೆಳ್ಳಪ್ಪ. "ರಿಟೈರಾದ ಮೇಲೆ ರೇಸಿಗೆ ಹೊರಟ್ರಾ ಪದ್ಮಣ್ಣ?"

ಸೊಸೆಗೆ ಎಂದಾಗ ಅವನು ತಮಾಷೆ ನಿಲ್ಲಿಸಿ ಕೆಲಸಕ್ಕೆ ಕೂತ. ಕೊಂಬಿನ ಬಾಗಿನ ಮೇಲೆ, ಬ್ರೇಕಿನ ಹಿಡಿಗಳು ಕೂರುವ ಜಾಗದಲ್ಲಿ, ಅಂಗೈಗಳು ಎದುರುಬದುರಾಗಿ ನಿಲ್ಲುತ್ತವೆ, ಲೋಟ ಹಿಡಿದ ಹಾಗೆ. ಜಿನಶ್ರೀ ಹಿಡಿದು ನೋಡಿದಳು. ಹೆಬ್ಬೆರಳು ಸುಮ್ಮನಿತ್ತು. ಆದರೆ ಹ್ಯಾಂಡಲು ದೂರವಾಯಿತು. ಬೆನ್ನು ಬಾಗಿಸಿ ಮುಗ್ಗರಿಸಿದಂತೆ ಕೂರಬೇಕಾಯಿತು. ಬೆಳ್ಳಪ್ಪ ಹ್ಯಾಂಡಲು ಕೂರುವ ಕತ್ತನ್ನು ಬದಲಿಸಿ ಗಿಡ್ಡದ್ದು ಹಾಕಿದ, ಮೇಲಕ್ಕೆ ಎಳೆದ. ಹೆಬ್ಬೆರಳಲ್ಲಿ ಒತ್ತುವ ಅವಳ ಗೇರಿನ ಗುಂಡಿ ಹೊಸ ಹ್ಯಾಂಡಲಿನ ದಪ್ಪಕ್ಕೆ ಕೂರಲೇ ಇಲ್ಲ. ರೇಸ್ ಸೈಕಲ್ಲಿನ ಗೇರಿನ ಕಡ್ಡಿಯನ್ನೇ ಕಿತ್ತು ಕೆಳಗಿನ ಪೈಪಿಗೆ ಕಟ್ಟಿದ. ಇನ್ನು ಬಗ್ಗಿ ಇಡೀ ಕೈಯಲ್ಲಿ ಎಳೆದರಾಯಿತು, ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ. ಬ್ರೇಕಿನ ಹಿಡಿಯೂ ಹಳೆಯ ರೇಸ್ ಸೈಕಲ್ಲಿನದೇ, ತಂತಿ ಮಾತ್ರ ಹೊಸದು. ಚಕ್ರದ ಬದಿ ಬ್ರೇಕಿನ ಎರಡು ಉದ್ದ ತೋಳುಗಳು ಮೊದಲಿನವೇ ಉಳಿದವು.

ಬರಿ ಕಬ್ಬಿಣ ಕೈ ಒತ್ತುತ್ತದೆ, ಏನಾದರೂ ಸುತ್ತಬೇಕು. ಅಂಗಡಿಯಲ್ಲಿ ಚರ್ಮದಂತೆ ಕಾಣುವ ಪಟ್ಟಿಯೊಂದಿತ್ತು. ಅದು ಪ್ಲಾಸ್ಟಿಕ್ ಎಂದು ಬೆಳ್ಳಪ್ಪ ಎಷ್ಟು ಹೇಳಿದರೂ ಪದ್ಮಣ್ಣನವರಿಗೆ ನಂಬಿಕೆ ಬರಲಿಲ್ಲ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಮನೆಗೆ ಬಂದವರೇ ಗೂಟದ ಚೀಲ ಇಳಿಸಿದರು. ಸುತ್ತಿಗೆ ಮೊಳೆ ಕೆಳಗೆ ಸುರಿದು, ಹೆಗಲ ಪಟ್ಟಿಯನ್ನು ಹೊಲಿಗೆ ಬಿಚ್ಚಿ ತೆಗೆದರು. ವಿಜಯಲಕ್ಷ್ಮಿ ನೋಡುತ್ತ ನಿಂತಿದ್ದರು, ಬೇಡ ಎನ್ನಲಿಲ್ಲ. ಪಟ್ಟಿ ಎಡಗಡೆಯ ಕೊಂಬಿಗಷ್ಟೇ ಸಾಲಿತು. ಬಲಕ್ಕೆ ಏನು ಎಂದು ಹುಡುಕುವಾಗ ವಿಜಯಲಕ್ಷ್ಮಿಯೇ ಒಳಗಿನಿಂದ ತಮ್ಮ ಹಳೆಯ ನೂಲು ಸೀರೆಯ ಅಂಚು ಹರಿದು ತಂದುಕೊಟ್ಟರು. ಬ್ರಾಹ್ಮಿಯ ತೊಟ್ಟಿಲಿಗೆ ಹಾಸಿದ್ದು ಅದೇ ಸೀರೆಯ ಉಳಿದ ಭಾಗ. ಹೀಗೆ ಒಂದು ಕಡೆ ಖಾಕಿ, ಒಂದು ಕಡೆ ಹಸಿರಂಚು. ನೋಡಿದರೆ ಒಂದೇ ಸೈಕಲ್ಲಿಗೆ ಇಬ್ಬರು ದರ್ಜಿಗಳು ಬಟ್ಟೆ ಹೊಲಿದಂತಿತ್ತು.

ಮೊದಲ ಟ್ರಿಪ್ಪು ನಂದು ಎಂದು ಪದ್ಮಣ್ಣ ಹಟ ಹಿಡಿದರು. ಜಿನಶ್ರೀ ಬೇಡವೆಂದಳು. ಅವರು ಪಂಚೆ ಎತ್ತಿ ಕಟ್ಟಿ, ಏರಿ, ಮನೆಯಿಂದ ಟಾರು ರಸ್ತೆಗೆ ಇಳಿಯುವ ಇಳಿಜಾರಿಗೆ ಸೈಕಲ್ಲು ಬಿಟ್ಟೇಬಿಟ್ಟರು. ಮಗುವನ್ನೆತ್ತಿಕೊಂಡ ವಿಜಯಲಕ್ಷ್ಮಿ, ಸೊಸೆ, ಕೊಟ್ಟಿಗೆಯ ಬಾಗಿಲಲ್ಲಿ ಗುತ್ಯಮ್ಮ, ಎಲ್ಲರೂ ನೋಡುತ್ತಿದ್ದಂತೆ ಸೈಕಲ್ಲು ವೇಗ ಹಿಡಿಯಿತು. ತಿರುವಿನ ಹತ್ತಿರ ಅವರು ಬ್ರೇಕು ಒತ್ತಿದ್ದು ಕಂಡಿತು. ಹಿಡಿ ಹ್ಯಾಂಡಲಿಗೆ ಹೋಗಿ ತಾಗಿದರೂ ಸೈಕಲ್ಲು ನಿಲ್ಲಲಿಲ್ಲ. ಆಗ ಪದ್ಮಣ್ಣ, ಕಾಲು ಊರುವುದನ್ನು ಬಿಟ್ಟು, ಊರಿಗೆಲ್ಲ ಕೇಳುವ ಹಾಗೆ ತಮ್ಮ ಹಳೆಯ ಕಂಠ ಎತ್ತಿದರು.

"ಹೋಲ್ಡಾನ್! ಹೋಲ್ಡಾನ್!"

ಸೈಕಲ್ಲು ಹೋಲ್ಡಾನ್ ಆದದ್ದು ತಿರುವಿನಾಚೆಯ ಹುಲ್ಲಿನ ಬಣವೆಯಲ್ಲಿ. ಜಿನಶ್ರೀ ಚಪ್ಪಲಿ ಇಲ್ಲದೆ ಓಡಿದಳು. ಅವಳು ತಲುಪುವಾಗ ಪದ್ಮಣ್ಣ ಎದ್ದು ಕೂತು ಕಿವಿಯೊಳಗಿನ ಹುಲ್ಲು ತೆಗೆಯುತ್ತಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಬೇರೇನಿಲ್ಲ. ಹಿಂದಿನಿಂದ ಬಂದ ವಿಜಯಲಕ್ಷ್ಮಿಗೆ ಮೊದಲು ಅಳು ಬಂತು, ಆಮೇಲೆ ಗಂಡನ ಮುಖ ನೋಡಿ ನಗು ಬಂತು.

"ಯಾರಿಗೆ ಹೇಳಿದ್ದು ಹೋಲ್ಡಾನು? ಡ್ರೈವರ್ ಎಲ್ಲಿದ್ದ?"

"ಜನ್ಮವೆಲ್ಲ ನಿಲ್ಸು ಅಂತ ಹೇಳಿದೋನು ನಾನು," ಎಂದರು ಪದ್ಮಣ್ಣ. "ನಾನೇ ನಿಲ್ಸೋದು ಅಂತ ಒಂದ್ ಸಲಾನೂ ಬಂದಿರ್ಲಿಲ್ಲ."

ಎಲ್ಲರೂ ನಕ್ಕರು, ಜಿನಶ್ರೀ ಮಾತ್ರ ತಿರುವಿನ ಕಡೆಗೇ ನೋಡುತ್ತಿದ್ದಳು. ಆ ತಿರುವಿನಲ್ಲಿ ಬಣವೆ ಇರದಿದ್ದರೆ? ಟಾರು ರಸ್ತೆಯಲ್ಲಿ ಲಾರಿ ಬಂದಿದ್ದರೆ? ಸೈಕಲ್ಲನ್ನು ಕೊಟ್ಟಿಗೆಗೆ ತಳ್ಳಿ, ಇನ್ನು ಅದರ ಮಾತೇ ಬೇಡ, ನಾಳೆಯೇ ರಾಜೀನಾಮೆ ಬರೆಯುತ್ತೇನೆ ಎಂದಳು. ಪದ್ಮಣ್ಣ ಹೋಗಿ ಮೊಣಕೈ ತೊಳೆದುಕೊಂಡರು. ಸಂಜೆ ಬೆಳಕಿರುವಾಗಲೇ ಉಂಡರು. ಅವಳು ಎದುರು ಕೂತು ನೋಡಿದಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು, ಮಜ್ಜಿಗೆಗೆ ಮೂರನೆಯ ಸಲ. ಎಷ್ಟು ಹಸಿದಿದ್ದ ಮನುಷ್ಯ ಎಂದು ಅವಳಿಗೆ ಆಗ ತಿಳಿಯಿತು.

ಮರುದಿನ ಭಾನುವಾರ. ಮಧ್ಯಾಹ್ನ ಮಗು ಮಲಗಿದಾಗ, ಹೆದರಿದಾಗಲೆಲ್ಲ ಮಾಡುವ ಕೆಲಸವನ್ನೇ ಜಿನಶ್ರೀ ಮಾಡಿದಳು: ಫೋನು ತೆರೆದು ಓದಿದಳು. ಸೀನಿನ ಬಗ್ಗೆ ಓದುವ ಶ್ರದ್ಧೆಯಿಂದಲೇ ಬ್ರೇಕಿನ ಬಗ್ಗೆ ಓದಿದಳು. ಇಂಥದೇ ಹ್ಯಾಂಡಲು ಬದಲಿಸಿ ಬಿದ್ದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದರು. ರೇಸ್ ಸೈಕಲ್ಲಿನ ಹಿಡಿ ಒತ್ತಿದಾಗ ತಂತಿ ಸ್ವಲ್ಪವೇ ಎಳೆಯುತ್ತದೆ. ತನ್ನ ಸೈಕಲ್ಲಿನ ಉದ್ದ ತೋಳುಗಳು ಚಕ್ರವನ್ನು ಕಚ್ಚಬೇಕಾದರೆ ತಂತಿ ಅದಕ್ಕಿಂತ ಹೆಚ್ಚು ಎಳೆಯಬೇಕು. ಹಿಡಿಯದೂ ತಪ್ಪಿಲ್ಲ, ತೋಳಿನದೂ ತಪ್ಪಿಲ್ಲ, ಜೋಡಿ ಸರಿಯಿಲ್ಲ. ತೋಳು ಗಿಡ್ಡವಾದರೆ ಸರಿಹೋಗುತ್ತದೆ.

ಸೋಮವಾರ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಮಾವನೂ ಸೈಕಲ್ಲೂ ಜೊತೆಗೇ ಬಂದರು. ಸೈಕಲ್ಲು ಬಸ್ಸಿನ ಮೇಲೆ. ಆ ಕಂಡಕ್ಟರು ಪದ್ಮಣ್ಣನವರ ಶಿಷ್ಯ. ಬೆಳ್ಳಪ್ಪ ಬಣವೆಯ ಕತೆ ಕೇಳಿ ಮುಖ ಸಣ್ಣದು ಮಾಡಿಕೊಂಡ. ತಂತಿ ಇನ್ನಷ್ಟು ಬಿಗಿದು ನೋಡಿದ. ರಬ್ಬರು ಚಕ್ರಕ್ಕೆ ಉಜ್ಜಿ ತುಳಿಯಲೇ ಆಗದು. ಜಿನಶ್ರೀ ತಾನು ಓದಿದ್ದನ್ನು ಹೇಳಿ, ಗಿಡ್ಡ ತೋಳಿನ ಬ್ರೇಕು ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದಳು. ಬೆಳ್ಳಪ್ಪ ಒಂದು ಗಳಿಗೆ ಯೋಚಿಸಿ, ಅಂಗಡಿಯ ಮುಂದೆ ನೇತುಹಾಕಿದ್ದ ಮಕ್ಕಳ ಸೈಕಲ್ಲುಗಳ ಸಾಲಿನ ಕಡೆ ತಿರುಗಿದ. ಪುಟ್ಟ ಚಕ್ರ, ಮುಂದೆ ಬುಟ್ಟಿ, ಬುಟ್ಟಿಯ ಮೇಲೆ ಬಣ್ಣದ ಚಿಟ್ಟೆ. ಅವುಗಳ ಬ್ರೇಕಿನ ತೋಳು ಬೆರಳುದ್ದ.

"ಮಗೀನ ಬ್ರೇಕು ತಾಯಿಗೆ ಹಾಕಣ," ಎಂದ ಬೆಳ್ಳಪ್ಪ.

ಮಡ್‌ಗಾರ್ಡನ್ನು ಒಂದಿಷ್ಟು ಕೊಯ್ಯಬೇಕಾಯಿತು. ಉಳಿದಂತೆ ಜೋಡಿ ಹೊಂದಿತು. ಈ ಸಲ ಮೊದಲ ಟ್ರಿಪ್ಪು ಯಾರದೆಂಬ ವಾದವೇ ಬರಲಿಲ್ಲ, ಜಿನಶ್ರೀ ಏರಿದಳು. ಅಂಗಡಿಯ ಮುಂದೆ ನಡಿಗೆಯಷ್ಟು ನಿಧಾನವಾಗಿ ಹೋಗಿ ಒತ್ತಿದಳು, ನಿಂತಿತು. ಇನ್ನಷ್ಟು ಜೋರಾಗಿ ಹೋಗಿ ಒತ್ತಿದಳು, ನಿಂತಿತು. ಇಳಿಜಾರು ಹುಡುಕಿಕೊಂಡು ಹೋಗಿ ಒತ್ತಿದಳು. ಎಷ್ಟು ಸಲ ಒತ್ತಿದಳೆಂದರೆ ಬೆಳ್ಳಪ್ಪ ಬೇಸತ್ತು ಒಳಗೆ ಹೋದ. ಪದ್ಮಣ್ಣ ಮಾತ್ರ ಕೈಕಟ್ಟಿ ನಿಂತು ಪ್ರತಿ ಸಲವೂ ನೋಡಿದರು. ಮನೆಯಲ್ಲಿ ಹೆದರುವವರು ಒಬ್ಬರಾದರೂ ಇರಬೇಕು, ನಾವೆಲ್ಲ ರೈಟ್ ರೈಟ್ ಅನ್ನುವವರೇ ಆದರೆ ಬಣವೆಯೇ ಗತಿ ಎಂದು ಅವರು ಅಂದದ್ದನ್ನು ಬೆಳ್ಳಪ್ಪ ಆಮೇಲೆ ಅವಳಿಗೆ ಹೇಳಿದ.

ಆ ಸಂಜೆ ಕಾಲೇಜು ಬಿಟ್ಟು ಹೊರಟಾಗ ಬಿಸಿಲು ಇನ್ನೂ ಹಳದಿಯಾಗಿತ್ತು. ಅವಳು ಹಿಡಿಗಳ ಮೇಲೆ ಕೈಯಿಟ್ಟು, ಎಡ ಅಂಗೈಯಲ್ಲಿ ಮಾವನ ಚೀಲ, ಬಲ ಅಂಗೈಯಲ್ಲಿ ಅತ್ತೆಯ ಸೀರೆ ಹಿಡಿದು ತುಳಿದಳು. ಮೊದಲ ಏರಿನಲ್ಲಿ ಅಭ್ಯಾಸಬಲದಿಂದ ನೋವಿಗಾಗಿ ಕಾದಳು. ಬಂತು, ಆದರೆ ದೂರದ ಮನೆಯ ಮಾತಿನಂತೆ, ಕೇಳಿಯೂ ಕೇಳದ ಹಾಗೆ. ಇಳಿಯಲಿಲ್ಲ. ಎರಡನೆಯ ಏರಿನಲ್ಲೂ ಇಳಿಯಲಿಲ್ಲ. ಎದುರಿನಿಂದ ಬಂದ ಬಸ್ಸೊಂದು ದಾಟುವಾಗ ಮಾತ್ರ ರೂಢಿಯಂತೆ ರಸ್ತೆ ಬಿಟ್ಟು ನಿಂತು, ಧೂಳು ಇಳಿಯುವವರೆಗೆ ಕಾದು, ಮತ್ತೆ ಹತ್ತಿದಳು. ಅಷ್ಟಾದರೂ ಮೇಳಿಗೆಯ ತಿರುವು ಬಂದಾಗ ಸೂರ್ಯ ಗುಡ್ಡದಿಂದ ಒಂದು ಮಾರು ಮೇಲಿದ್ದ.

ಗೇಟಿನಲ್ಲಿ ಯಾರೂ ಇರಲಿಲ್ಲ. ಸೈಕಲ್ಲನ್ನು ಅಲ್ಲೇ ಗೇಟಿಗೆ ಒರಗಿಸಿದಳು. ಒಳಗೆ ಓಡಿದರೆ ಪದ್ಮಣ್ಣ ಹಿತ್ತಿಲ ಬಾವಿಕಟ್ಟೆಯಲ್ಲಿ ನಿಶ್ಚಿಂತೆಯಿಂದ ಕಾಲು ತೊಳೆಯುತ್ತಿದ್ದರು. ಇಷ್ಟು ಬೇಗ ಬರುತ್ತಾಳೆಂದು ಅವರಿಗೂ ಅಂದಾಜಿರಲಿಲ್ಲ. ವಿಜಯಲಕ್ಷ್ಮಿ ಒಲೆಯ ಮುಂದಿನಿಂದಲೇ ರೇಗಿದರು.

"ಹಿಂಗೆ ಹೊತ್ತಿಗೆ ಮುಂಚೆ ಬಂದ್ರೆ ಹೆಂಗೆ ಮಾರಾಯ್ತಿ? ಅನ್ನ ಇನ್ನೂ ಬಸ್ದಿಲ್ಲ."

ಅನ್ನ ಬಸಿಯುವವರೆಗೆ ಜಿನಶ್ರೀ ಮಗುವಿಗೆ ಹಾಲೂಡಿಸಿದಳು. ಆಮೇಲೆ ಮೂರು ಬಾಳೆಲೆ ಹಾಕಿದರು. ಅವಳಿಗೆ ನಿಯಮವಿರಲಿಲ್ಲ, ಹಸಿವೂ ಇರಲಿಲ್ಲ, ಆದರೂ ಮಾವನ ಪಕ್ಕದಲ್ಲಿ ಕೂತಳು. ಕೊಟ್ಟಿಗೆ ಕೆಲಸ ಮುಗಿಸಿ ಬಂದ ಗುತ್ಯಮ್ಮ ಬಾಗಿಲಲ್ಲಿ ನಿಂತು ಎಲೆಗಳನ್ನು ಎಣಿಸಿ ಉಸಿರುಬಿಟ್ಟಳು.

"ಹಂಗಾರೆ ಇವತ್ತಿಂದ ನಮ್ಮನೆ ಒಲೆ ಹೊತ್ಸೋದು ನಾನೇಯಾ."

ವಿಜಯಲಕ್ಷ್ಮಿ ಅವಳ ಪಾತ್ರೆಗೆ ಅನ್ನ ಬಡಿಸಿದರು. ಇವತ್ತು ಅಕ್ಕಿಯ ಅಳತೆಗೆ ಒಂದು ಪಾವು ಹೆಚ್ಚಿಗೇ ಹಾಕಿದ್ದರು. ಜಿನಶ್ರೀ ಏನನ್ನೋ ಹೇಳಬೇಕೆಂದು ಮಾವನ ಕಡೆ ತಿರುಗಿದಳು. ಮಾವ ಅನ್ನ ಕಲಸುತ್ತಿದ್ದರು. ಹಿತ್ತಿಲ ಬಾಗಿಲಿನಿಂದ ಬಂದ ಬಿಸಿಲು ಅವರ ಎಲೆಯ ತುದಿಯ ಮೇಲಿತ್ತು. ಮಾತು ಆಮೇಲಾದರೂ ಆದೀತು, ಮೊದಲು ಇವರು ಉಣ್ಣಲಿ ಎಂದು ಅವಳು ಸಾರಿನ ಪಾತ್ರೆಯನ್ನು, ಎರಡೂ ಅಂಗೈ ಎದುರುಬದುರಾಗಿ ಹಿಡಿದು, ಅವರ ಕಡೆಗೆ ಸರಿಸಿದಳು.